ಎರಡು ಫ್ರೆಂಚ್ ಕಾರುಗಳಲ್ಲಿ ಒಂದನ್ನು ಆರಿಸಿದ್ದು

ಮೊದಲನೆಯ ಕಾರನ್ನು ನನ್ನ ಗ್ಯಾರೇಜಿಗೆ ಎತ್ತುಗಳು ಎಳೆದುಕೊಂಡು ಬಂದವು. ಎರಡನೆಯದನ್ನು ಹತ್ತಿಯ ಲಾರಿಯೊಂದು ಹಗ್ಗ ಕಟ್ಟಿ ತಂದು ಬಿಟ್ಟುಹೋಯಿತು. ಎರಡೂ ಫ್ರಾನ್ಸ್ ದೇಶದವು. ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಅಂಥ ಗಾಡಿಗಳನ್ನು ಯಾರೂ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ನನ್ನ ಕೈಗೆ ಬರುತ್ತಿದ್ದುದು ಅಂಬಾಸಿಡರ್ ಟ್ಯಾಕ್ಸಿಗಳು, ಟ್ರ್ಯಾಕ್ಟರುಗಳು, ಸಂತೆಗೆ ಹೋಗುವ ಟೆಂಪೊಗಳು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಸದ್ದು ಕಳೆದುಕೊಳ್ಳುತ್ತಿದ್ದವು. ಕಾರುಗಳು ಅಂಥ ಒಂದು ಗಿರಣಿಯ ಯಜಮಾನರ ಮನೆಯವು. ಹಳೆಯದನ್ನು ಅವರ ತಂದೆ, ಸ್ವಾತಂತ್ರ್ಯಕ್ಕೆ ಎಷ್ಟೋ ಮೊದಲೇ, ಬೊಂಬಾಯಿಯಿಂದ ತರಿಸಿದ್ದರಂತೆ. ಇನ್ನೊಂದನ್ನು ಯಜಮಾನರೇ ತಮ್ಮ ಹರೆಯದಲ್ಲಿ ಪಾಂಡಿಚೇರಿ ಬಿಟ್ಟು ಹೊರಟಿದ್ದ ಯಾವನೋ ಫ್ರೆಂಚ್ ದೊರೆಯಿಂದ ಕೊಂಡಿದ್ದರು. ಎರಡೂ ಹಿತ್ತಲಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೋಳಿಗಳಿಗೆ ಗೂಡಾಗಿದ್ದವು. ಈಗ ಶೆಡ್ಡು ಕೆಡವಿ ಅಲ್ಲಿ ಬಾಡಿಗೆ ಮಳಿಗೆ ಕಟ್ಟಿಸುವವರಿದ್ದರು.

ಕೊಳ್ಳಲು ಬಂದವರು ಇಬ್ಬರು ಷಡ್ಡಕರು. ಒಬ್ಬರು ಬೆಂಗಳೂರಿನ ದಂತವೈದ್ಯರು, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ಟಾಕೀಸು ನಡೆಸುವವರು. ಹಳೇ ಕಾರು ಕೂಡಿಡುವ ಹವ್ಯಾಸ ಇಬ್ಬರಿಗೂ ಸೇರಿದ್ದು. ಡಾಕ್ಟರ ಮನಸ್ಸು ಹಳೆಯದರ ಮೇಲಿತ್ತು, ಟಾಕೀಸಿನವರ ಮನಸ್ಸು ಹೊಸದರ ಮೇಲೆ.

"ನಮಗೆ ಜಾಗ ಇರೋದು ಒಂದಕ್ಕೇ," ಎಂದರು ಡಾಕ್ಟರು. "ಇಬ್ಬರೂ ಜಗಳ ಆಡಿ ಸಾಕಾಗಿದೆ. ಎರಡನ್ನೂ ಓಡೋ ಹಾಗೆ ಮಾಡಿ, ಒಂದೇ ರಸ್ತೇಲಿ ಓಡಿಸಿ ನೋಡಿ. ಯಾವುದು ತಗೋಬೇಕು ಅಂತ ನೀವೇ ಹೇಳಿ. ನೀವು ಹೇಳಿದ್ದೇ ಕೊನೆ."

"ಇನ್ನೊಂದು?" ಎಂದೆ.

ಗಿರಣಿ ಯಜಮಾನರು ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು: "ಅದನ್ನ ಗುಜರಿಯವ ಒಯ್ತಾನೆ. ಆಗ್ಲೇ ಬಂದು ನೋಡ್ಕಂಡ್ ಹೋಗ್ಯಾನೆ."

ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆನೋ, ಒಂದು ವಾರದೊಳಗೆ ನನಗೇ ಬೇಸರ ಬಂತು. ಆ ಬೇಸಿಗೆಯಲ್ಲಿ ನನ್ನ ಸೊಂಟ ಆಗಲೇ ಮಾತು ಕೇಳುತ್ತಿರಲಿಲ್ಲ. ಗಾಡಿಯ ಕೆಳಗೆ ಮಲಗಿದರೆ ಏಳಲು ಬಂಪರು ಹಿಡಿಯಬೇಕಿತ್ತು.

ಮೊದಲು ಹಳೆಯದಕ್ಕೆ ಕೈಹಾಕಿದೆ. ಅದರ ಬಾನೆಟ್ಟು ಮುಂದಕ್ಕೆ ಇಳಿಜಾರಾಗಿ ಮೂಗಿನ ಹಾಗಿತ್ತು. ರೇಡಿಯೇಟರು ಎಲ್ಲ ಕಾರುಗಳಂತೆ ಮುಂದೆ ಇರದೆ ಇಂಜಿನ್ನಿನ ಹಿಂದೆ, ಡ್ರೈವರನ ಮೊಣಕಾಲಿನ ಹತ್ತಿರ ಇತ್ತು. ನೀರು ತಿರುಗಿಸಲು ಪಂಪೇ ಇಲ್ಲ. ಬಿಸಿನೀರು ತಾನೇ ಮೇಲೇರಿ, ತಣ್ಣಗಾಗಿ ಕೆಳಗಿಳಿಯಬೇಕು. ಬ್ಯಾಟರಿಯ ಹಂಗಿಲ್ಲ, ಮ್ಯಾಗ್ನೆಟೊ ಒಂದೇ ಕಿಡಿ ಕೊಡಬೇಕು. ಅದರ ಸುರುಳಿಯ ತಂತಿ ಪುಡಿಯಾಗಿತ್ತು. ಪಂಪ್‌ಸೆಟ್ ಮೋಟಾರು ಸುತ್ತುವವರೊಬ್ಬರ ಹತ್ತಿರ ಕೂತು ಮತ್ತೆ ಸುತ್ತಿಸಿದೆ. ಕ್ಲಚ್ಚಿಗೆ ಹಾಕಿದ್ದ ತೊಗಲು ಹಪ್ಪಳದಂತೆ ಮುರಿಯಿತು. ಚಪ್ಪಲಿ ಹೊಲಿಯುವವರಿಂದ ಎಮ್ಮೆಯ ತೊಗಲು ತಂದು, ಹರಳೆಣ್ಣೆಯಲ್ಲಿ ನೆನೆಸಿ, ಹೊಸದು ಕೂಡಿಸಿದೆ. ಗಾಲಿಗಳ ಕಡ್ಡಿಗಳು ಮರದವು. ಒಣಗಿ ಒಣಗಿ ಗಾಲಿ ಅಲುಗಾಡಿಸಿದರೆ ಲಟಲಟ ಅನ್ನುತ್ತಿತ್ತು. ಪಕ್ಕದ ಮನೆಯವರ ಎಮ್ಮೆ ನೀರಿನ ತೊಟ್ಟಿಯಲ್ಲಿ ನಾಲ್ಕೂ ಗಾಲಿಗಳನ್ನು ಮುಳುಗಿಸಿಟ್ಟೆ. ಮರ ಉಬ್ಬಿ ಬಿಗಿಯಾಯಿತು. ಎಮ್ಮೆಗಳು ಮಾತ್ರ ಆ ನೀರು ಮೂಸಿ ಹಿಂದೆ ಸರಿದವು, ಆ ಮನೆಯಾಕೆ ನನ್ನ ಹೆಂಡತಿಯ ಜೊತೆ ಮಾತು ಬಿಟ್ಟರು.

ಹ್ಯಾಂಡಲ್ ಹೊಡೆದು ಮೊದಲ ಸಲ ಇಂಜಿನ್ ಎಬ್ಬಿಸಲು ಹೋದಾಗ ಅದು ಹಿಂದಕ್ಕೆ ಒದ್ದು ನನ್ನ ಮುಂಗೈ ಉಳುಕಿಸಿತು. ಕೈಗೆ ಪಟ್ಟಿ ಕಟ್ಟಿಕೊಂಡೇ ಕಿಡಿಯ ವೇಳೆ ತಿದ್ದಿದೆ. ಆಮೇಲೆ ಅದು ಎರಡನೇ ಸುತ್ತಿಗೇ ಎದ್ದಿತು. ನಿಧಾನಕ್ಕೆ, ಒಂದೊಂದೇ ಏಟು ಎಣಿಸಬಹುದಾದಷ್ಟು ಸಮಾಧಾನವಾಗಿ ಓಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

ಹೊಸದು ಬೇರೆಯೇ ಜಾತಿ. ಕೆಳಗೆ ಚಾಸಿಯೇ ಇಲ್ಲ, ಮೈಯೇ ಅದರ ಎಲುಬು. ನೆಲಕ್ಕೆ ಅಂಟಿದ ಹಾಗೆ ತಗ್ಗು. ಗೇರಿನ ಕೋಲು ಡ್ಯಾಶ್‌ಬೋರ್ಡಿನಿಂದ ಹೊರಗೆ ಚಾಚಿತ್ತು. ಬ್ರೇಕು ಎಣ್ಣೆಯ ಒತ್ತಡದ್ದು, ನಾಲ್ಕೂ ಗಾಲಿಗೆ. ಇಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ಹೋಗದೆ ಮುಂದಿನ ಗಾಲಿಗಳಿಗೇ ಹೋಗುತ್ತಿತ್ತು. ಗಾಡಿ ಎಳೆಯುವ ಗಾಲಿಯೇ ತಿರುವಿನಲ್ಲಿ ಓರೆಯಾಗಬೇಕು ಅಂದರೆ ನಡುವೆ ಒಂದು ಬಗ್ಗುವ ಕೀಲು ಬೇಕು. ಆ ಕೀಲಿನ ಜೀವ ಒಂದು ಸಣ್ಣ ಉಕ್ಕಿನ ತುಂಡಿನಲ್ಲಿತ್ತು. ನಾವು ಅದಕ್ಕೆ ಕ್ರಾಸ್ ಅನ್ನುತ್ತೇವೆ. ಕೂಡಿಸುವ ಗುರುತಿನ ಆಕಾರ, ಅಂಗೈಯಲ್ಲಿ ಮುಚ್ಚಿಡಬಹುದು. ಎಡಗಡೆಯ ಕ್ರಾಸ್ ಸವೆದು ಹೋಗಿತ್ತು. ಬೊಂಬಾಯಿಗೆ, ಪಾಂಡಿಚೇರಿಗೆ ಕೇಳಿ ಕಳಿಸಿದೆ. ಎಲ್ಲೂ ಇಲ್ಲ.

ಹಾಗಾಗಿ ಉಸ್ತಾದರ ಹತ್ತಿರ ಹೋದೆ.

ಉಸ್ತಾದರು ಹರಿಹರದ ದೊಡ್ಡ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು, ನಿವೃತ್ತರಾದ ಮೇಲೆ ಗುತ್ತೂರಿನ ಹಾದಿಯಲ್ಲಿ ಸ್ವಂತದ್ದೊಂದು ಲೇತ್, ಉಕ್ಕು ಕಡೆಯುವ ಯಂತ್ರ, ಹಾಕಿಕೊಂಡಿದ್ದರು. ನಾನು ಗ್ಯಾರೇಜು ತೆರೆದ ದಿನದಿಂದ ನನಗೆ ಬೇಕಾದ ತುಂಡು ಕೆತ್ತಿಕೊಟ್ಟವರು ಅವರೇ. ನನಗಿಂತ ಬಹಳ ಹಿರಿಯರು, ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು. ಸವೆದ ಕ್ರಾಸನ್ನು ಬೆರಳುಗಳ ನಡುವೆ ಹೊರಳಿಸಿ, "ಲಾರಿ ಆಕ್ಸಲ್ಲಿನ ತುಂಡು ಇದ್ರೆ ತಂದ್ಕೊಡು. ಮಾಡೋಣ. ನೀ ಬಾಕಿ ಕೆಲ್ಸ ನೋಡ್ಕ ಹೋಗು," ಎಂದರು.

ಮಾಡಿಕೊಟ್ಟರು ಕೂಡ. ಅಳತೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಹಾಕಿದೆ. ಗಾಡಿ ಓಡಿತು.

ಒಂದು ಭಾನುವಾರ ಷಡ್ಡಕರಿಬ್ಬರೂ ಬಂದರು. ಪರೀಕ್ಷೆಯ ದಾರಿ ನಾನೇ ಗೊತ್ತು ಮಾಡಿದ್ದೆ. ದಾವಣಗೆರೆಯಿಂದ ಪೂನಾ-ಬೆಂಗಳೂರು ರಸ್ತೆ ಹಿಡಿದು ಹರಿಹರ, ತುಂಗಭದ್ರೆಯ ಸೇತುವೆ ದಾಟಿ ಆಚೆಯ ಬಯಲಿನಲ್ಲಿ ತಿರುಗಿಸಿ ವಾಪಸು. ಎರಡಕ್ಕೂ ಒಂದೇ ಅಳತೆಯ ಪೆಟ್ರೋಲು, ಹಿಂದಿನ ಸೀಟಿನಲ್ಲಿ ಒಂದೇ ತೂಕದ ಜೋಳದ ಚೀಲ. ಒಂದೇ ಮರದ ಹತ್ತಿರ ಬ್ರೇಕು ಒತ್ತಿ, ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ನೋಡುವುದು. ಬಯಲಿನಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಸುತ್ತು ಹಾಕುವುದು.

ಬೆಳಿಗ್ಗೆ ಹಳೆಯದು ಹೊರಟಿತು. ಎತ್ತಿನ ಗಾಡಿಗಳಿಗಿಂತ ಚುರುಕು, ಬಸ್ಸುಗಳಿಗಿಂತ ಮಂದ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಸಾಯಿಸಿದವು. ಬ್ರೇಕು ಹಿಂದಿನ ಎರಡು ಗಾಲಿಗೆ ಮಾತ್ರ. ಮರದ ಹತ್ತಿರ ಒತ್ತಿದರೆ ಮರವನ್ನು ಎಲ್ಲೋ ಹಿಂದೆ ಬಿಟ್ಟು ನಿಂತಿತು. ಹರಿಹರದ ಹತ್ತಿರ ನೀರು ಕುದಿಯಿತು. ಆರುವ ತನಕ ಹುಣಸೆ ಮರದ ನೆರಳಿನಲ್ಲಿ ಕೂತೆವು. ಆದರೂ ಅದು ಹೋಗಿ ಬಂತು. ಡಾಕ್ಟರ ಮುಖ ಅರಳಿತ್ತು.

ಮಧ್ಯಾಹ್ನ ಹೊಸದು. ನಾನು ಓಡಿಸುತ್ತಿದ್ದೆ, ಡಾಕ್ಟರು ಪಕ್ಕದಲ್ಲಿ, ಟಾಕೀಸಿನವರು ಹಿಂದೆ ಚೀಲದ ಜೊತೆ. ಅದು ರಸ್ತೆಯನ್ನು ಹಿಡಿದುಕೊಂಡು ಹೋಗುವ ರೀತಿಯೇ ಬೇರೆ. ಮರದ ಹತ್ತಿರ ಬ್ರೇಕು ಒತ್ತಿದರೆ ಮರದ ನೆರಳಿನಲ್ಲೇ ನಿಂತಿತು. ಡಾಕ್ಟರು ಕೂಡ "ಪರವಾಗಿಲ್ಲ" ಎಂದರು. ಸೇತುವೆ ದಾಟಿ, ಬಯಲಿಗೆ ಇಳಿಯಲು ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಎಕ್ಸಿಲೇಟರ್ ಒತ್ತಿದೆ. ಎಡಗಡೆ ಢಣ್ ಎಂದು ಸಿಡಿದ ಸದ್ದು. ಇಂಜಿನ್ ಕೂಗುತ್ತಿದೆ, ಗಾಡಿ ಕದಲುತ್ತಿಲ್ಲ. ರಸ್ತೆಗೆ ಅಡ್ಡಲಾಗಿ ನಿಂತಿದ್ದೆವು. ಸೇತುವೆ ಇಳಿದು ಬರುತ್ತಿದ್ದ ಲಾರಿ ಹತ್ತಿರ ಬಂದು ಕಿರುಗುಟ್ಟಿ ನಿಂತಿತು. ಡಾಕ್ಟರು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ದಾರಿಹೋಕರು ಸೇರಿ ತಳ್ಳಿ ಬದಿಗೆ ಹಾಕಿದರು. ನಾನು ಕೆಳಗೆ ನುಸುಳಿ ಮುರಿದ ಕ್ರಾಸಿನ ಚೂರುಗಳನ್ನು ಆರಿಸಿಕೊಂಡು ಬಂದೆ.

"ಮುಗೀತಲ್ಲ," ಎಂದರು ಡಾಕ್ಟರು. "ಎಳೆಯೋ ಗಾಲಿನೇ ತಿರುಗಿಸ್ತೀನಿ ಅಂತ ಹೊರಟರೆ ಹೀಗೇ ಆಗೋದು. ಹಳೇದು ನಿಧಾನ ಇರಬಹುದು, ದಾರೀಲಿ ಕೈ ಬಿಡಲಿಲ್ಲ. ಹೇಳಿ ನೀವು, ಇದನ್ನ ನಂಬಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋಕ್ಕಾಗುತ್ತಾ?"

ಟಾಕೀಸಿನವರು ತಲೆ ತಗ್ಗಿಸಿದ್ದರು. "ನಂದೇನೂ ಮಾತಿಲ್ಲ ಬಿಡ್ರಿ," ಎಂದರು. "ಹಳೇದನ್ನ ಒಯ್ಯೂಣು."

ನಾನು ಚೂರುಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಭಾರ ತಡೆಯಲಾರದೆ ಸೋತ ಉಕ್ಕು ಎಳೆದುಕೊಂಡು, ತಿರುಚಿಕೊಂಡು ಹರಿಯುತ್ತದೆ. ಇದು ಕಲ್ಲುಸಕ್ಕರೆಯ ಹಾಗೆ ಮುರಿದಿತ್ತು, ಮುರಿದ ಮುಖದಲ್ಲಿ ಹರಳು ಹರಳಾಗಿ ಮಿಂಚುತ್ತಿತ್ತು. ಅತಿಯಾಗಿ ಗಟ್ಟಿಯಾಗಿ, ಹದ ತಪ್ಪಿದ ಉಕ್ಕು. ಆ ಕೀಲನ್ನು ಯೋಚಿಸಿ ಮಾಡಿದವರ ತಪ್ಪಲ್ಲ ಅದು.

ಸುಮ್ಮನಿದ್ದುಬಿಡಬಹುದಿತ್ತು. ಡಾಕ್ಟರು ಆಗಲೇ ತೀರ್ಮಾನ ಮಾಡಿದ್ದರು. ನನಗೆ ಇಷ್ಟವಾದ ಗಾಡಿಯೇ ಉಳಿಯುತ್ತಿತ್ತು, ನನ್ನ ಸೊಂಟಕ್ಕೆ ವಿಶ್ರಾಂತಿ ಸಿಗುತ್ತಿತ್ತು, ಉಸ್ತಾದರ ಹೆಸರಿಗೆ ಏನೂ ಆಗುತ್ತಿರಲಿಲ್ಲ. ಬಿಸಿಲಿಗೆ ಬಾಯಿ ಒಣಗಿತ್ತು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

"ಇದು ಕಾರಿನ ತಪ್ಪಲ್ಲ," ಎಂದೆ. "ಮುರಿದಿದ್ದು ಫ್ರಾನ್ಸಿನ ತುಂಡಲ್ಲ, ಇಲ್ಲಿ ಮಾಡಿದ ತುಂಡು. ಈ ಲೆಕ್ಕದಾಗೆ ನಾನು ಹೋಲಿಸಕ್ಕೆ ಬರಲ್ಲ."

"ಯಾರು ಮಾಡಿದ್ದು?"

"ನನ್ನ ಗ್ಯಾರೇಜಿಂದು. ತಪ್ಪು ನಂದು."

ಡಾಕ್ಟರಿಗೆ ಸಿಟ್ಟು ಬಂದಿತ್ತು. ನನ್ನ ಕೈಚಳಕವನ್ನು ನಂಬಿ ಅವರು ಲಾರಿಯ ಮುಂದೆ ಕೂತಿದ್ದರು, ಸಿಟ್ಟು ಬರದಿರುತ್ತದೆಯೇ? ಟಾಕೀಸಿನವರು ಅವರ ತೋಳು ಮುಟ್ಟಿ, "ಬರೂ ಐತವಾರತನಕ ನೋಡೂಣಲ್ಲ," ಎಂದರು. ಯಜಮಾನರ ಶೆಡ್ಡು ಕೆಡವುವುದು ಅದರ ಮರುದಿನ ಇತ್ತು. ಅಲ್ಲಿಯವರೆಗೆ ಎಂದು ಒಪ್ಪಿಕೊಂಡು ಹೊರಟುಹೋದರು.

ಮರುದಿನ ಗುತ್ತೂರಿಗೆ ಹೋಗಿ ಚೂರುಗಳನ್ನು ಉಸ್ತಾದರ ಕೈಗಿಟ್ಟೆ. ಅವರು ಕಣ್ಣಿನಿಂದ ನೋಡಲಿಲ್ಲ. ಮುರಿದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. "ಉಕ್ಕೇ ಸರಿ ಇಲ್ಲ," ಎಂದರು. "ಬೇರೆ ಆಕ್ಸಲ್ ತಾ."

ತಂದುಕೊಟ್ಟೆ. ಅವರು ಮತ್ತೆ ಕೆತ್ತಿದರು. ಈ ಸಲ ನಾನು ಬಾಕಿ ಕೆಲಸ ಬಿಟ್ಟು ಅಲ್ಲೇ ಕೂತೆ. ಲೇತಿನ ಮೇಲೆ ಅವರ ಕೈಯಲ್ಲಿ ಒಂದು ತಪ್ಪೂ ಕಾಣಲಿಲ್ಲ. ಅಳತೆಯನ್ನು ಉಗುರಿನಿಂದಲೇ ಹೇಳುತ್ತಿದ್ದರು. ಆಮೇಲೆ ತುಂಡನ್ನು ಇದ್ದಿಲಿನ ಕುಲುಮೆಯಲ್ಲಿ ಕೆಂಪಾಗಿಸಿ ಎಣ್ಣೆಯಲ್ಲಿ ಅದ್ದಿದರು. ಈಗ ಉಕ್ಕು ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೆ ಒಡೆಯುವಂಥದು. ಅದನ್ನು ಪಾಲಿಷ್ ಮಾಡಿ, ಕಾದ ಕಬ್ಬಿಣದ ಹಲಗೆಯ ಮೇಲಿಟ್ಟು ಮೆಲ್ಲಗೆ ಬಿಸಿ ಮಾಡಿದರೆ ಮೈಮೇಲೆ ಬಣ್ಣ ಓಡುತ್ತದೆ. ಮೊದಲು ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬಣ್ಣ ಮುಂದಕ್ಕೆ ಹೋದಷ್ಟೂ ಗಡಸುತನ ಇಳಿಯುತ್ತದೆ, ತಾಳಿಕೆ ಏರುತ್ತದೆ. ಕ್ರಾಸಿಗೆ ನೇರಳೆ ನೀಲಿಯಾಗುವ ಹೊತ್ತಿಗೆ ತೆಗೆಯಬೇಕು. ಇದಕ್ಕೆ ಯಾವ ಯಂತ್ರವೂ ನಮ್ಮಲ್ಲಿರಲಿಲ್ಲ. ಕಣ್ಣೇ ಯಂತ್ರ.

ಉಸ್ತಾದರು ಬೆಳಕು ತಗ್ಗಿಸಲು ಬಾಗಿಲು ಅರ್ಧ ಮುಚ್ಚಿ, ಹಲಗೆಯ ಮೇಲೆ ಬಾಗಿದರು. ಸ್ವಲ್ಪ ಹೊತ್ತಿಗೆ, "ಹ್ಞಾಂ, ನೇರಳೆ ಬಂತು. ಇಕ್ಕಳ ಕೊಡು," ಎಂದರು.

ನಾನು ನೋಡಿದೆ. ತುಂಡು ಒಣಗಿದ ಜೋಳದ ದಂಟಿನ ಬಣ್ಣದಲ್ಲಿತ್ತು. ಹಳದಿ, ಬರಿಯ ಹಳದಿ.

ಇಕ್ಕಳ ನನ್ನ ಕೈಯಲ್ಲೇ ಇತ್ತು. ಕೊಡಲಿಲ್ಲ. "ಇನ್ನೊಂದು ಸ್ವಲ್ಪ ತಡೀರಿ ಉಸ್ತಾದ್."

"ಯಾಕ?"

"ಇನ್ನೂ ಹಳದಿ ಐತೆ."

ಅವರು ಇನ್ನಷ್ಟು ಬಾಗಿದರು. ಹುಬ್ಬು ಸುಡುತ್ತದೇನೋ ಅನ್ನುವಷ್ಟು. "ನಂಗೆ ಕಪ್ಪಗೆ ಕಾಣ್ತೈತಲ್ಲ," ಎಂದರು, ತಮಗೆ ತಾವೇ ಎಂಬಂತೆ. ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡು, ಮುಖವನ್ನು ಹಲಗೆಯಿಂದ ಆಚೆ ತಿರುಗಿಸಿ ಕೇಳಿದರು: "ಈಗ?"

"ಕಂದು."

"ಈಗ?"

"ಅಂಚಿಗೆ ನೇರಳೆ."

"ನಡುವೆ?"

"ನಡುವೆ ಇನ್ನೂ ಕಂದು."

ಅವರು ತುಂಡನ್ನು ಹೊರಳಿಸಿದರು. ನಾಲ್ಕು ತೋಳುಗಳಿಗೂ ಬಿಸಿ ಸಮನಾಗುವಂತೆ, ಮಗುವನ್ನು ಮಗ್ಗುಲು ಬದಲಿಸಿ ಮಲಗಿಸುವವರಂತೆ. ನಾನು ಬಣ್ಣ ಹೇಳುತ್ತಾ ಹೋದೆ. "ಎಲ್ಲಾ ಕಡೆ ನೇರಳೆ. ಈಗ ನೀಲಿ ಹಿಡೀತು," ಎಂದ ಕೂಡಲೇ ಎತ್ತಿ ಎಣ್ಣೆಗೆ ಹಾಕಿದರು. ಚುಂಯ್ ಎಂದು ಹೊಗೆ ಎದ್ದಿತು.

"ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದೆ.

"ಹೋದ ಚಳಿಗಾಲದಿಂದ. ಪೊರೆ ಬಂದೈತೆ ಅಂತ ಕಣ್ಣಿನ ಡಾಕ್ಟ್ರು ಅಂದ್ರು." ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತರು. "ಲೇತಿಗೆ ಬೆರಳು ಸಾಕು ತಮ್ಮಾ. ಬಣ್ಣ ಬೆರಳಿಗೆ ಸಿಗಲ್ಲ. ಕಣ್ಣಿಲ್ಲ ಅಂತ ಗೊತ್ತಾದ್ರೆ ನನ್ನ ಹತ್ರ ಯಾರ್ ಬರ್ತಾರೆ?"

"ನಾನ್ ಬರ್ತೀನಲ್ಲ."

"ನೀನೊಬ್ಬ ಬಂದ್ರೆ ಲೇತಿನ ಬೆಲ್ಟೂ ತಿರುಗಲ್ಲ." ನಗಲು ನೋಡಿದರು. ಆಮೇಲೆ ಕೇಳಿದರು: "ಮುರಿದಾಗ ಆ ಬೆಂಗ್ಳೂರಿನ ಡಾಕ್ಟ್ರಿಗೆ ಏನಂದೆ?"

"ನನ್ನ ಗ್ಯಾರೇಜಿನ ತಪ್ಪು ಅಂದೆ."

"ನನ್ನ ಹೆಸ್ರು?"

"ಹೇಳ್ಲಿಲ್ಲ."

"ಹೇಳ್ಬೇಕಿತ್ತು," ಎಂದರು. ಅವರು ನನ್ನ ಮೇಲೆ ಸಿಟ್ಟು ಮಾಡಿದ್ದು ಅದೇ ಮೊದಲು. "ನಾನೇನ್ ಸತ್ತಿದ್ನೇನು?"

ಭಾನುವಾರ ಬೆಳಿಗ್ಗೆ ಅವರು ಹರಿಹರದಿಂದ ಬಸ್ಸು ಹತ್ತಿ ಗ್ಯಾರೇಜಿಗೆ ಬಂದೇಬಿಟ್ಟರು. ಒಗೆದ ಪೈಜಾಮ, ಟೋಪಿ. ಷಡ್ಡಕರು ಬಂದಾಗ ಹೊಸ ಕಾರಿನ ಹಿಂದಿನ ಸೀಟಿನಲ್ಲಿ, ಎಡಗಡೆ, ಆ ಕೀಲಿನ ಸಾಲಿಗೆ ಸರಿಯಾಗಿ ಕೂತಿದ್ದರು. ಇವರು ಯಾರು ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು ಹೇಳಿದರು:

"ಅವತ್ತು ಮುರೀತಲ್ರಿ ಸಾಹೇಬ್ರೇ, ಅದು ನಾನ್ ಮಾಡಿದ್ದು. ನನ್ನ ಕಣ್ಣು ಮಂಜಾಗೈತೆ. ಈಗ ಹಾಕಿರೋದೂ ನಾನೇ ಮಾಡಿದ್ದು, ಬಣ್ಣ ಇವ್ನು ನೋಡ್ಯಾನೆ. ಅದಕ್ಕೇ ಕೂತೀನಿ. ಹತ್ರಿ."

ಡಾಕ್ಟರು ಹತ್ತುವರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಅವರು ಮುಂದಿನ ಬಾಗಿಲು ತೆರೆದು ಕೂತರು. ಸೇತುವೆ ದಾಟಿದ ಮೇಲೆ ಲಾರಿಗಳು ಇಲ್ಲದ್ದನ್ನು ನೋಡಿಕೊಂಡು ಅದೇ ಜಾಗದಲ್ಲಿ, ಅದೇ ರೀತಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಒತ್ತಿದೆ. ಗಾಡಿ ಬಯಲಿಗೆ ಇಳಿಯಿತು. ಬಲಕ್ಕೆ ಸುತ್ತಿತು, ಎಡಕ್ಕೆ ಸುತ್ತಿತು, ಮತ್ತೆ ಬಲಕ್ಕೆ. ಧೂಳಿನಲ್ಲಿ ಏನೂ ಕಾಣದಾಯಿತು. ಉಸ್ತಾದರು ಕಣ್ಣು ಮುಚ್ಚಿ, ಕೆಳಗಿನ ತಗಡಿನ ಮೇಲೆ ಬರಿಗಾಲು ಒತ್ತಿ ಕೂತಿದ್ದರು. "ಸಾಕು," ಎಂದರು ಕೊನೆಗೆ. "ಹಿಡ್ಕಂಡೈತೆ."

ಗ್ಯಾರೇಜಿಗೆ ಬಂದ ಮೇಲೆ ಡಾಕ್ಟರು ಎರಡೂ ಕಾರುಗಳ ನಡುವೆ ನಿಂತು, "ಹೇಳಿ ಈಗ," ಎಂದರು.

ನಾನು ಹೇಳಿದೆ. ಹಳೆಯದು ಹಟ ಮಾಡುವುದಿಲ್ಲ, ಯಾವ ಊರಿನ ಕಮ್ಮಾರನೂ ಅದನ್ನು ರಿಪೇರಿ ಮಾಡಬಲ್ಲ. ಆದರೆ ಅದು ಎತ್ತಿನ ಗಾಡಿಗಳ ರಸ್ತೆಗೆ ಹುಟ್ಟಿದ್ದು. ಇವತ್ತಿನ ಲಾರಿಗಳ ನಡುವೆ ಬೇಕೆಂದಲ್ಲಿ ನಿಲ್ಲಲಾರದು. ಮರದ ಗಾಲಿ ಮತ್ತೆ ಒಣಗುತ್ತದೆ, ಬಿಸಿಲಿನಲ್ಲಿ ನೀರು ಮತ್ತೆ ಕುದಿಯುತ್ತದೆ. ಹೊಸದಕ್ಕೆ ಬಿಡಿಭಾಗ ಸಿಗುವುದು ಕಷ್ಟ, ಕೀಲುಗಳನ್ನು ಮೇಲಿಂದ ಮೇಲೆ ನೋಡಿಕೊಳ್ಳಬೇಕು. ಆದರೆ ಅದು ತಿರುಗುತ್ತದೆ, ನಿಲ್ಲುತ್ತದೆ, ಮನೆಮಂದಿಯನ್ನು ಬೆಂಗಳೂರು ಮುಟ್ಟಿಸುತ್ತದೆ. ನೀವು ಓಡಿಸುವವರು, ನಿಲ್ಲಿಸಿ ನೋಡುವವರಲ್ಲ. ಒಂದೇ ಅಂದರೆ ಹೊಸದು.

"ನಿಮಗೆ ಇಷ್ಟ ಆಗಿರೋದು ಯಾವುದು?" ಎಂದು ಕೇಳಿದರು ಡಾಕ್ಟರು.

"ಅದು ನೀವು ಕೇಳಿದ ಮಾತಲ್ಲ ಸರ್."

ಅವರು ಹಳೆಯ ಕಾರಿನ ಮೂಗಿನ ಮೇಲೆ ಅಂಗೈ ಆಡಿಸಿದರು. ಆಮೇಲೆ ಹೊಸದರ ಕೀಲಿಕೈ ತೆಗೆದುಕೊಂಡರು. ಟಾಕೀಸಿನವರು ಗೆದ್ದಿದ್ದರೂ ಕುಣಿಯಲಿಲ್ಲ. ಹೊರಡುವಾಗ ಉಸ್ತಾದರ ಎರಡೂ ಕೈ ಹಿಡಿದು, ಹುಬ್ಬಳ್ಳಿಯಲ್ಲಿ ಕಣ್ಣಿನ ಒಳ್ಳೇ ಡಾಕ್ಟರು ಇದ್ದಾರೆಂದೂ, ಬಂದರೆ ತಾವೇ ಕರೆದೊಯ್ಯುವುದಾಗಿಯೂ ಹೇಳಿದರು. ಉಸ್ತಾದರು ನೋಡೋಣ ಎಂದರು.

ಸೋಮವಾರ ಶೆಡ್ಡು ಕೆಡವಿದರು. ಹಳೆಯದಕ್ಕೆ ವಾಪಸು ಹೋಗಲು ಜಾಗವಿರಲಿಲ್ಲ. ನನ್ನ ಗ್ಯಾರೇಜಿನಲ್ಲಿ ಎರಡು ಟ್ಯಾಕ್ಸಿ ನಿಂತರೆ ಮೂರನೆಯದು ಬೀದಿಯಲ್ಲಿ ನಿಲ್ಲಬೇಕಿತ್ತು. ಜಾಗ ಇದ್ದಿದ್ದರೆ ಇಟ್ಟುಕೊಳ್ಳುತ್ತಿದ್ದೆನೇನೋ, ಗೊತ್ತಿಲ್ಲ. ಗುಜರಿಯವರು ಗಾಡಿ ಕಳಿಸುತ್ತೇನೆ ಎಂದರು. ಬೇಡ ಎಂದೆ. ಎರಡನೇ ಸುತ್ತಿಗೆ ಎದ್ದು ಓಡುವ ಕಾರನ್ನು ಹಗ್ಗ ಕಟ್ಟಿ ಎಳೆಸಲು ಮನಸ್ಸಾಗಲಿಲ್ಲ. ನಾನೇ ಓಡಿಸಿಕೊಂಡು ಹೋದೆ. ಅಂಗಳದಲ್ಲಿ ನಿಲ್ಲಿಸಿ ಮ್ಯಾಗ್ನೆಟೊ ಆರಿಸಿದೆ. ಗುಜರಿಯವರು ಸುತ್ತ ಒಂದು ಸಲ ಬಂದು, "ಛಲೋ ಓಡ್ತೈತಲ್ರೀ," ಎಂದರು. ಹೌದು ಎಂದೆ. ನಡೆದುಕೊಂಡು ಮನೆಗೆ ಬಂದು ಊಟ ಮಾಡದೆ ಮಲಗಿದೆ. ಆ ವಾರದಲ್ಲೇ ಅದನ್ನು ಬಿಚ್ಚಿದರೆಂದು ಆಮೇಲೆ ತಿಳಿಯಿತು.

ಉಸ್ತಾದರು ಆ ಮಳೆಗಾಲದ ಕೊನೆಗೆ ಹುಬ್ಬಳ್ಳಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ದಪ್ಪ ಗಾಜಿನ ಕನ್ನಡಕ ಬಂತು. ಟ್ಯಾಕ್ಸಿಯೊಂದರ ತುಂಡು ಹಿಡಿದು ಗುತ್ತೂರಿಗೆ ಹೋದಾಗ ಲೇತಿನ ಮುಂದೆ ನಿಂತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಎಷ್ಟು ಬಡವಾಗೀಯಲ್ಲೋ," ಎಂದರು. ಆಮೇಲೆ ಹಳೇ ಕಾರು ಏನಾಯಿತು ಎಂದು ಕೇಳಿದರು. ಹೇಳಿದೆ.

ಅವರು ಲೇತ್ ನಿಲ್ಲಿಸಿದರು. "ಎರಡೂ ಸಮ ಅವೆ ಅನ್ಬೇಕಿತ್ತು. ಜಗಳ ಆಡ್ಕಂಡು ಎರಡನ್ನೂ ಒಯ್ತಿದ್ರೇನೋ."

"ಸಮ ಇರ್ಲಿಲ್ಲ ಉಸ್ತಾದ್."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಇರ್ಲಿಲ್ಲ," ಎಂದರು. ನನ್ನ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡತೊಡಗಿದರು.